ಹಿತ್ತಲ ಗಿಡಕ್ಕೆ ಟಿಕೆಟ್ ಇಲ್ಲ

ಬಾಗಲಕೋಟೆಗೂ ಚಿತ್ರದುರ್ಗಕ್ಕೂ ನಡುವೆ ಹಳೇ ಸಾಲವೊಂದಿತ್ತು. 1962ರಲ್ಲಿ ತೆಗೆದದ್ದು, 2024ರಲ್ಲಿ ತೀರಿತು. ಅರವತ್ತೆರಡು ವರ್ಷದ ಬಡ್ಡಿಯನ್ನು ಯಾರೂ ಕೇಳಲಿಲ್ಲ. ಸೊಸೈಟಿ ಸಾಲ ಮನ್ನಾ ಆಗುವವರೆಗೂ ಕಾಯುವುದು ರೂಢಿಯಾಗಿರುವ ನಮಗೆ ಅಸಲು ಕಟ್ಟಿದ್ದೇ ದೊಡ್ಡ ಸಾಧನೆ.

ವಿಷಯ ಇಷ್ಟು. 1962ರಲ್ಲಿ ಎಸ್. ನಿಜಲಿಂಗಪ್ಪನವರು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದಿಂದ ವಿಧಾನಸಭೆಗೆ ನಿಂತರು. ನಿಂತವರು ಸಾಮಾನ್ಯರಲ್ಲ. ಸಂವಿಧಾನ ರಚನಾ ಸಭೆಯಲ್ಲಿ ಕೂತವರು, 1952ರಲ್ಲಿ ಇದೇ ಚಿತ್ರದುರ್ಗದಿಂದ ಮೊದಲ ಲೋಕಸಭೆಗೆ ಹೋದವರು, 1956ರ ನವೆಂಬರ್ 1ರಂದು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು. ಹೊಸದುರ್ಗದ ಮತದಾರರು ಇದನ್ನೆಲ್ಲ ಗೌರವದಿಂದ ಕೇಳಿಸಿಕೊಂಡು, ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರಿಗೆ ಓಟು ಹಾಕಿ ಮನೆಗೆ ಹೋದರು. ರಾಜ್ಯದಲ್ಲಿ ಕಾಂಗ್ರೆಸ್ ಗೆದ್ದಿತ್ತು, ಅದರ ನಾಯಕರೇ ಸೋತಿದ್ದರು. ಹುನಗುಂದದ ಎಸ್.ಆರ್. ಕಂಠಿಯವರು ಮಾರ್ಚ್‌ನಿಂದ ಜೂನ್‌ವರೆಗೆ ಮುಖ್ಯಮಂತ್ರಿ ಕುರ್ಚಿ ಕಾದರು. ಬಾಗಲಕೋಟೆಯ ಬಿ.ಟಿ. ಮುರನಾಳರು ಗೆದ್ದ ಸೀಟನ್ನೇ ಬಿಟ್ಟುಕೊಟ್ಟರು. ನಿಜಲಿಂಗಪ್ಪನವರು ಅಲ್ಲಿಂದ ಅವಿರೋಧವಾಗಿ ಆರಿಸಿ ಬಂದರು; ಕಂಠಿಯವರು ಕುರ್ಚಿಯಿಂದ ಎದ್ದು ಜಾಗ ಕೊಟ್ಟರು. ಕುರ್ಚಿಯನ್ನು ಕಾಯಲು ಕೊಟ್ಟಿದ್ದರು, ಕೇಳಿದಾಗ ವಾಪಸ್ ಕೊಟ್ಟರು ಎಂದು ಇವತ್ತಿನ ಶಾಸಕಾಂಗ ಪಕ್ಷದ ಸಭೆಯಲ್ಲಿ ಹೇಳಿ ನೋಡಿ, ಚಂದಮಾಮದ ಕಥೆ ಅಂದುಕೊಂಡಾರು.

ಹೀಗೆ ದುರ್ಗದಲ್ಲಿ ಸೋತವರನ್ನು ಬಾಗಲಕೋಟೆ ಗೆಲ್ಲಿಸಿತು. 2023ರಲ್ಲಿ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಗೋವಿಂದ ಕಾರಜೋಳರು ಆರ್.ಬಿ. ತಿಮ್ಮಾಪುರ ಅವರೆದುರು ಸೋತರು. ಮರುವರ್ಷವೇ ಚಿತ್ರದುರ್ಗ ಅವರನ್ನು 48 ಸಾವಿರ ಚಿಲ್ಲರೆ ಮತಗಳಿಂದ ಗೆಲ್ಲಿಸಿ ಲೋಕಸಭೆಗೆ ಕಳಿಸಿತು. ಲೆಕ್ಕ ಚುಕ್ತಾ.

ಆದರೆ ಸಾಲ ತೀರಿಸಿದ ಹುಮ್ಮಸ್ಸಿನಲ್ಲಿ ನಾವು ಬಾಗಲಕೋಟೆಗೆ ಮಾತ್ರ ಉಪಕಾರ ಮಾಡಿ ಸುಮ್ಮನಾಗಿದ್ದೇವೆ ಎಂದುಕೊಳ್ಳಬೇಡಿ. ಅದಕ್ಕೂ ಮೊದಲಿನ ಲೆಕ್ಕ ತೆಗೆದರೆ ದುರ್ಗದ ಔದಾರ್ಯ ಗೊತ್ತಾಗುತ್ತದೆ. 2013ರಲ್ಲಿ ಬಿ.ಎನ್. ಚಂದ್ರಪ್ಪನವರು ಮೂಡಿಗೆರೆಯಲ್ಲಿ ವಿಧಾನಸಭೆಗೆ ನಿಂತು ಕೂದಲೆಳೆಯಲ್ಲಿ ಸೋತರು. 2014ರಲ್ಲಿ ಚಿತ್ರದುರ್ಗದ ಸಂಸದರಾದರು. 2018ರಲ್ಲಿ ಎ. ನಾರಾಯಣಸ್ವಾಮಿಯವರು ಆನೇಕಲ್‌ನಲ್ಲಿ ಸತತ ಎರಡನೇ ಸಲ ಸೋತರು. 2019ರಲ್ಲಿ ಚಿತ್ರದುರ್ಗದ ಸಂಸದರಾದರು. 2023ರಲ್ಲಿ ಕಾರಜೋಳರು ಸೋತರು, 2024ರಲ್ಲಿ ಸಂಸದರಾದರು. ಮೂರಕ್ಕೆ ಮೂರು. ಮೂರು ಜಿಲ್ಲೆ, ಎರಡು ಪಕ್ಷ, ಒಂದೇ ಸೂತ್ರ: ಹಿಂದಿನ ವರ್ಷ ಬೇರೆ ಊರಿನಲ್ಲಿ ಸೋತಿರಬೇಕು. ಸಂವಿಧಾನ ಲೋಕಸಭೆಗೆ ನಿಲ್ಲಲು 25 ವರ್ಷ ವಯಸ್ಸು, ಭಾರತದ ಪೌರತ್ವ ಇಷ್ಟು ಕೇಳುತ್ತದೆ. ಚಿತ್ರದುರ್ಗಕ್ಕೆ ಮಾತ್ರ ಇದರ ಜೊತೆ ಒಂದು ಸೋಲಿನ ಸರ್ಟಿಫಿಕೇಟು ಲಗತ್ತಿಸಬೇಕೇನೋ. ಎರಡೂ ಪಕ್ಷಗಳು ಬೇರಾವ ವಿಷಯದಲ್ಲಿ ಹೀಗೆ ಒಂದೇ ಮನಸ್ಸಿನಿಂದ ನಡೆದುಕೊಂಡಿವೆ ಹೇಳಿ.

2019ರಲ್ಲಿ ನಮ್ಮ ಮುಂದಿದ್ದ ಆಯ್ಕೆ ಆನೇಕಲ್ಲೋ ಮೂಡಿಗೆರೆಯೋ ಎಂಬುದು. 2024ರಲ್ಲಿ ಮುಧೋಳವೋ ಮೂಡಿಗೆರೆಯೋ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರು, ಇವು ಸಾಲದೆಂಬಂತೆ ತುಮಕೂರು ಜಿಲ್ಲೆಯ ಶಿರಾ, ಪಾವಗಡ. ಹೀಗೆ ಎಂಟು ವಿಧಾನಸಭಾ ಕ್ಷೇತ್ರ ಸೇರಿದ ಜಾಗದಲ್ಲಿ ಎರಡು ದೊಡ್ಡ ಪಕ್ಷಗಳಿಗೆ ಸ್ಥಳೀಯ ಹೆಸರೊಂದು ಸಿಗಲಿಲ್ಲ. ಸಿಗಲಿಲ್ಲ ಎಂದರೆ ತಪ್ಪಾದೀತು. ಸಿಕ್ಕಿತ್ತು, ಆದರೆ ಅದು ಶಾಸಕರ ಮನೆಯಲ್ಲೇ ಸಿಕ್ಕಿತ್ತು. ಹೊಳಲ್ಕೆರೆ ಶಾಸಕ ಎಂ. ಚಂದ್ರಪ್ಪನವರು ಮಗ ರಘುಚಂದನ್‌ಗೆ ಬಿಜೆಪಿ ಟಿಕೆಟ್ ಕೇಳಿದರು. ಕಾರಜೋಳರ ಹೆಸರು ಬಂದಾಗ ಸಿಟ್ಟಾದರು, ಬೆಂಬಲಿಗರು ‘ಗೋ ಬ್ಯಾಕ್’ ಅಂದರು, ಹಿರಿಯರು ಕೂತು ಮಾತಾಡಿದರು, ಸಿಟ್ಟು ಇಳಿಯಿತು. ಗೋ ಬ್ಯಾಕ್ ಅಂದವರೇ ಸ್ವಲ್ಪ ದಿನಕ್ಕೆ ವೆಲ್‌ಕಮ್ ಅಂದರು. ಪ್ರಜಾಪ್ರಭುತ್ವದಲ್ಲಿ ನಮಗಿದ್ದ ಎರಡು ದಾರಿ ಇವು: ಹೊರಗಿನವರು ಬರಬೇಕು, ಇಲ್ಲವೇ ಮನೆಮಗ ಬರಬೇಕು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಪಕ್ಷಗಳು ಆಯುರ್ವೇದವೆಂದು ನಂಬಿ ಕೂತಿವೆ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಹೊರಗೆ ಹುಟ್ಟುವುದು ಅಪರಾಧವಲ್ಲ. ನಿಜಲಿಂಗಪ್ಪನವರು ಹುಟ್ಟಿದ್ದೂ ಆಗಿನ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ. ಆದರೆ ಅವರು ದುರ್ಗಕ್ಕೆ ಬಂದದ್ದು ನಾಮಪತ್ರ ಸಲ್ಲಿಸುವ ಕೊನೇ ವಾರದಲ್ಲಲ್ಲ. ಇಲ್ಲಿ ವಕೀಲಿಕೆ ಮಾಡಿದರು, ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹಕ್ಕೆ ನಿಂತರು, ಜೈಲು ನೋಡಿದರು. ಓಟು ಕೇಳುವ ಹೊತ್ತಿಗೆ ಊರಿಗೆ ಅವರ ಮುಖ ಪರಿಚಯವಿತ್ತು. ಈಗ ಅಭ್ಯರ್ಥಿಯ ಮುಖ ಮೊದಲು ಕಾಣುವುದು ಫ್ಲೆಕ್ಸಿನಲ್ಲಿ. ಹೆಸರು ಓದಿ, ಕೆಳಗೆ ಕೈಮುಗಿದಿರುವ ಸ್ಥಳೀಯ ಮುಖಂಡರ ಸಾಲಿನಲ್ಲಿ ನಮಗೆ ಗೊತ್ತಿರುವವರು ಯಾರಾದರೂ ಇದ್ದಾರೋ ನೋಡಿ, ಹಾಗಾದರೆ ಇವರು ಈ ಪಕ್ಷದವರು ಎಂದು ತಿಳಿದುಕೊಳ್ಳಬೇಕು. ಆ ಮುಖಂಡರು ಕಳೆದ ತಿಂಗಳೇ ಪಕ್ಷ ಬದಲಿಸಿದ್ದರೆ ಆ ಆಧಾರವೂ ಹೋಯಿತು.

ಮುಖ ಪರಿಚಯವಿದ್ದವರನ್ನಾದರೂ ನಾವು ಚೆನ್ನಾಗಿ ನೋಡಿಕೊಂಡೆವೇ? ಇತಿಹಾಸ ಆ ಮಟ್ಟಿಗೆ ನಮ್ಮ ಮಾನ ಉಳಿಸುವುದಿಲ್ಲ. 1957ರಲ್ಲಿ ನಿಜಲಿಂಗಪ್ಪನವರು ಮುಖ್ಯಮಂತ್ರಿ. ಆ ವರ್ಷ ಚಿತ್ರದುರ್ಗ ಲೋಕಸಭೆಗೆ ಕಳಿಸಿದ್ದು ವಿರೋಧ ಪಕ್ಷದ ಜೆ. ಮಹಮದ್ ಇಮಾಮರನ್ನು, ಪ್ರಜಾ ಸೋಷಲಿಸ್ಟ್ ಪಕ್ಷದಿಂದ. 1967ರಲ್ಲಿ ಮತ್ತೆ ನಿಜಲಿಂಗಪ್ಪನವರೇ ಮುಖ್ಯಮಂತ್ರಿ. ಮತ್ತೆ ಇಮಾಮರೇ ಸಂಸದರು, ಈ ಸಲ ಸ್ವತಂತ್ರ ಪಕ್ಷದಿಂದ. ಸಮಾಜವಾದದಿಂದ ರಾಜಾಜಿಯವರ ಪಕ್ಷದವರೆಗೆ ಹತ್ತು ವರ್ಷದ ನಡಿಗೆ, ಮತದಾರರದ್ದು ಯಾವ ತಕರಾರೂ ಇಲ್ಲ. 1969ರ ನವೆಂಬರಿನಲ್ಲಿ ಎಐಸಿಸಿ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಹೊರಹಾಕಿದರು. ದೇಶವೇ ಬೆರಗಾಯಿತು. 1971ರಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಚಿತ್ರದುರ್ಗವೂ ಕೊಂಡಜ್ಜಿ ಬಸಪ್ಪನವರನ್ನು ಅದೇ ಪಕ್ಷದಿಂದ ಆರಿಸಿತು. ತಮ್ಮೂರಿನ ಹಿರಿಯರಿಗೆ ಇಷ್ಟು ಶ್ರದ್ಧೆಯಿಂದ ಕೈಕೊಟ್ಟ ಕ್ಷೇತ್ರ ಇನ್ನೊಂದಿದ್ದರೆ ತೋರಿಸಿ.

ಕೈಕೊಟ್ಟದ್ದಕ್ಕೆ ಪ್ರಾಯಶ್ಚಿತ್ತವಾಗಿ ಸೀಬಾರದಲ್ಲಿ ಸ್ಮಾರಕ ಕಟ್ಟಿದ್ದೇವೆ. ಹೆದ್ದಾರಿಯಲ್ಲಿ ಹೋಗುವವರು ಕಾರಿನ ಕಿಟಕಿಯಿಂದ ನೋಡಬಹುದು. ಊರೊಳಗೆ ಅವರು ಬಾಳಿದ ಮನೆಯನ್ನು ಸರ್ಕಾರ ಕೊಂಡು ಕಾಪಾಡುತ್ತದೆ ಎಂಬ ಮಾತು ವರ್ಷಗಟ್ಟಲೆ ಕಡತದಲ್ಲಿ ಓಡಾಡಿತು. 2024ರಲ್ಲಿ ಆ ಮನೆ ಮಾರಾಟಕ್ಕಿದೆ ಎಂದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಚುನಾವಣೆ ನಡೆದದ್ದೂ ಅದೇ ವರ್ಷ. ಹೊರಗಿನಿಂದ ಬರುವ ಯಾವ ಅಭ್ಯರ್ಥಿಯ ಮೊದಲ ಭರವಸೆಯನ್ನಾದರೂ ನೆನಪಿಸಿಕೊಳ್ಳಿ, ‘ಇಲ್ಲೇ ಮನೆ ಮಾಡ್ತೀನಿ’ ಎಂಬುದಿರುತ್ತದೆ. ಒಬ್ಬರಿಗೆ ದುರ್ಗದಲ್ಲಿ ಮನೆ ಬೇಕಿತ್ತು, ಇನ್ನೊಂದು ಕಡೆ ದುರ್ಗದ ಮೊದಲ ಸಂಸದರ ಮನೆಯೇ ಮಾರಾಟಕ್ಕಿತ್ತು. ನಡುವೆ ಒಬ್ಬ ಬ್ರೋಕರ್ ಇದ್ದಿದ್ದರೆ ಎರಡೂ ಸಮಸ್ಯೆ ಒಂದೇ ರಿಜಿಸ್ಟ್ರೇಷನ್‌ನಲ್ಲಿ ಮುಗಿಯುತ್ತಿತ್ತು.

ಉಳಿದ ಸಂಸದರ ಪಟ್ಟಿಯನ್ನು ಓದುತ್ತ ಹೋದರೆ ಬೇಸರವಾಗುವುದಿಲ್ಲ. ಎಸ್. ವೀರಬಸಪ್ಪ, ಕೆ. ಮಲ್ಲಣ್ಣ, ಹಿರಿಯೂರಿನ ಕೆ.ಎಚ್. ರಂಗನಾಥ್, ಮೂರು ಸಲ ಗೆದ್ದ ಸಿ.ಪಿ. ಮೂಡಲಗಿರಿಯಪ್ಪ, ಇವರವರೆಗೆ ಕಥೆ ನೇರ. 1996ರಿಂದ ರಂಗೇರುತ್ತದೆ. ಆ ವರ್ಷ ಗೆದ್ದ ಪಿ. ಕೋದಂಡರಾಮಯ್ಯ ಪೊಲೀಸ್ ಅಧಿಕಾರಿಯಾಗಿದ್ದವರು. 1999ರಲ್ಲಿ ಗೆದ್ದವರು ‘ಸುಪ್ರೀಂ ಹೀರೊ’ ಶಶಿಕುಮಾರ್. 2004ರಲ್ಲಿ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಯಾಗಿ ನಿವೃತ್ತರಾದ ಎನ್.ವೈ. ಹನುಮಂತಪ್ಪ. ಎಂಟೇ ವರ್ಷದಲ್ಲಿ ಪೊಲೀಸು, ಹೀರೊ, ಜಡ್ಜು ಮೂವರೂ ಬಂದರು. ಕನ್ನಡ ಸಿನಿಮಾದ ಕ್ಲೈಮ್ಯಾಕ್ಸಿಗೆ ಇನ್ನೇನು ಬೇಕು? ನಿರ್ಮಾಪಕ ಬರಬೇಕಿತ್ತು, ಅವನೇ ಬರಲಿಲ್ಲ. 2009ರಲ್ಲಿ ಅಮೆರಿಕದಿಂದ ಮರಳಿದ ಇಂಜಿನಿಯರ್ ಜನಾರ್ದನ ಸ್ವಾಮಿ ಬಂದರು. ಆ ವೇಳೆಗೆ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು; ಹನುಮಂತಪ್ಪನವರು ಬಳ್ಳಾರಿಗೆ ಹೋಗಿ ನಿಂತು ಸೋತರು. ದುರ್ಗದಿಂದ ಹೊರಗೆ ಹೋದವರಿಗೆ ಬೇರೆ ಊರಿನವರು ನಮ್ಮಷ್ಟು ಧಾರಾಳ ತೋರಿಸುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿ. 1962ರ ಬಾಗಲಕೋಟೆ ಅಪವಾದ.

ಮೀಸಲಾತಿಯ ಮಾತು ಬಂದಾಗ ನಗು ಸ್ವಲ್ಪ ಹೊತ್ತು ಪಕ್ಕಕ್ಕಿಡಬೇಕು. 2019ರ ಸೆಪ್ಟೆಂಬರಿನಲ್ಲಿ ಸಂಸದ ನಾರಾಯಣಸ್ವಾಮಿಯವರು ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದರು. ನಾಲ್ಕು ತಿಂಗಳ ಹಿಂದೆ 80 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದಿದ್ದ ಮನುಷ್ಯ. ದಲಿತರು ಒಳಗೆ ಬರುವ ಹಾಗಿಲ್ಲ ಎಂದು ಹಟ್ಟಿಯ ಕೆಲವರು ತಡೆದರು. ಹೊರಗೆ ಕುರ್ಚಿ ಹಾಕಿದರು. ಕೂತು, ಅಲ್ಲಿಂದಲೇ ಮಾತಾಡಿ ಅವರು ಹಿಂತಿರುಗಿದರು. ಸಂಸತ್ ಭವನದ ಬಾಗಿಲಲ್ಲಿ ಅವರ ಗುರುತಿನ ಚೀಟಿ ನಡೆಯುತ್ತಿತ್ತು; ತನ್ನದೇ ಕ್ಷೇತ್ರದ ಹಟ್ಟಿಯ ಬೇಲಿಯಲ್ಲಿ ನಡೆಯಲಿಲ್ಲ. ಎರಡು ವರ್ಷದ ನಂತರ ಅವರು ಕೇಂದ್ರದಲ್ಲಿ ಸಾಮಾಜಿಕ ನ್ಯಾಯ ಖಾತೆಯ ರಾಜ್ಯ ಸಚಿವರಾದರು. ಖಾತೆ ಹಂಚಿದವರಿಗೆ ಹಾಸ್ಯಪ್ರಜ್ಞೆ ಇತ್ತೋ ಇಲ್ಲವೋ ಗೊತ್ತಿಲ್ಲ, ಕಾಲಕ್ಕಂತೂ ಇತ್ತು.

ಆದ್ದರಿಂದ ‘ಹೊರಗಿನವರು’ ಎಂದು ನಾವು ಕೂಗುವಾಗ ಯಾರನ್ನು, ಯಾವ ಅರ್ಥದಲ್ಲಿ ಕೂಗುತ್ತಿದ್ದೇವೆ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಸಾಮಾನ್ಯ ಕ್ಷೇತ್ರವಾಗಿದ್ದಾಗ ಸಿನಿಮಾದಿಂದ ಬಂದ ಹೀರೊ ಯಾವ ಊರಿನವರೆಂದು ಯಾರೂ ರೇಷನ್ ಕಾರ್ಡು ಕೇಳಿದ ನೆನಪಿಲ್ಲ. ಮೀಸಲಾದ ಮೇಲೆ ಎಲ್ಲರಿಗೂ ಭೂಗೋಳ ನೆನಪಾಯಿತು. ಇತ್ತ ಪಕ್ಷಗಳ ಲೆಕ್ಕವೂ ಅಷ್ಟೇ ಕೆಟ್ಟದ್ದು. ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ದಲಿತ ಸಂಘಟನೆ ಕಟ್ಟಿ, ಕಚೇರಿ ಮೆಟ್ಟಿಲು ಹತ್ತಿ ಇಳಿದು, ಕೂದಲು ಹಣ್ಣಾದವರಿದ್ದಾರೆ. ಅವರಿಗೆ ಸಿಗುವುದು ವೇದಿಕೆಯ ಎರಡನೇ ಸಾಲಿನ ಕುರ್ಚಿ ಮತ್ತು ಒಂದು ಶಾಲು. ಮೀಸಲು ಕ್ಷೇತ್ರವೆಂದರೆ ಪಕ್ಷದ ಕಚೇರಿಗೆ ಅಲ್ಲಿನ ದಲಿತರ ಧ್ವನಿಯಲ್ಲ, ಬೇರೆಡೆ ನಿರುದ್ಯೋಗಿಯಾದ ಹಿರಿಯ ನಾಯಕರಿಗೆ ಒದಗಿಬಂದ ಖಾಲಿ ಹುದ್ದೆ.

ಗೆದ್ದವರೇನು ಮಾಡುತ್ತಾರೆ? ಕೇಂದ್ರದ ಯೋಜನೆಗಳ ಪ್ರಗತಿ ನೋಡುವ ದಿಶಾ ಸಭೆ ನಡೆಸುತ್ತಾರೆ. ಜಿಲ್ಲಾ ಪಂಚಾಯ್ತಿ ಸಭಾಂಗಣ, ಉದ್ದನೆಯ ಮೇಜು, ಪ್ರತಿಯೊಬ್ಬರ ಮುಂದೆ ಸಣ್ಣ ನೀರಿನ ಬಾಟಲಿ, ಒಂದು ತಟ್ಟೆಯಲ್ಲಿ ಗೋಡಂಬಿ ಮತ್ತು ಎರಡು ಬಿಸ್ಕತ್ತು. ಸಂಸದರು ‘ಭದ್ರಾ ಎಲ್ಲಿಗೆ ಬಂತ್ರೀ?’ ಎನ್ನುತ್ತಾರೆ. ಅಧಿಕಾರಿ ಎದ್ದು ನಿಂತು, ಫೈಲು ತಿರುವಿ, ‘ಪ್ರಗತಿಯಲ್ಲಿದೆ ಸಾರ್’ ಎನ್ನುತ್ತಾರೆ. ‘ಚುರುಕುಗೊಳಿಸಿ.’ ‘ಆಯ್ತು ಸಾರ್.’ ಸಂಸದರು ಬದಲಾಗುತ್ತಾರೆ, ಅಧಿಕಾರಿಗಳು ವರ್ಗವಾಗುತ್ತಾರೆ, ಸಂಭಾಷಣೆ ಮಾತ್ರ ಖಾಯಂ ನೌಕರನಂತೆ ಅಲ್ಲೇ ಉಳಿಯುತ್ತದೆ.

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ಕಥೆಯನ್ನು ಈ ಸೀಮೆಯಲ್ಲಿ ಮೂರನೇ ಕ್ಲಾಸಿನ ಮಗುವೂ ಹೇಳುತ್ತದೆ. 2023ರ ಫೆಬ್ರವರಿ 1ರಂದು ಕೇಂದ್ರ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಅವರು ಯೋಜನೆಗೆ 5,300 ಕೋಟಿ ರೂಪಾಯಿ ಘೋಷಿಸಿದರು. ಅವರು ರಾಜ್ಯಸಭೆಗೆ ಹೋಗಿರುವುದು ಕರ್ನಾಟಕದಿಂದ. ಆಗ ರಾಜ್ಯದ ಜಲಸಂಪನ್ಮೂಲ ಸಚಿವರಾಗಿದ್ದವರು ಗೋವಿಂದ ಕಾರಜೋಳ. ಅಂದರೆ ಹಣ ಘೋಷಿಸಿದವರು ನಮ್ಮ ರಾಜ್ಯದ ಪ್ರತಿನಿಧಿ, ಹಣ ಪಡೆಯಬೇಕಾದ ಖಾತೆಯವರು ನಮ್ಮ ಮುಂದಿನ ಪ್ರತಿನಿಧಿ. ಪ್ರತಿನಿಧಿಗಳ ಕೊರತೆಯಿಂದ ಹಣ ಬರಲಿಲ್ಲ ಎನ್ನುವ ಹಾಗೇ ಇಲ್ಲ. ಎರಡು ವರ್ಷ ಕಳೆದರೂ ಬಿಡಿಗಾಸು ಬಂದಿಲ್ಲ ಎಂದು ರಾಜ್ಯ ಸರ್ಕಾರ ದೂರಿತು, ದೆಹಲಿಯ ಕಡೆಯವರು ರಾಜ್ಯದತ್ತ ಬೆರಳು ತೋರಿಸಿದರು, ರೈತರು ಬಂದ್ ಮಾಡಿದರು. ಭದ್ರೆಯ ನೀರು ಬರುವ ಮೊದಲೇ ಭದ್ರೆ ಹುಟ್ಟುವ ಚಿಕ್ಕಮಗಳೂರು ಜಿಲ್ಲೆಯ ಅಭ್ಯರ್ಥಿ ಬಂದು ಗೆದ್ದು, ಸೋತು, ಮತ್ತೆ ನಿಂತು, ಮತ್ತೆ ಸೋತದ್ದೂ ಆಯಿತು. ಬಳಿಕ ಘಟಪ್ರಭೆಯ ಕಡೆಯವರು ಬಂದರು. ನದಿಗಳನ್ನು ತರಲಾಗದಿದ್ದರೂ ನದಿ ತೀರದವರನ್ನು ತರಿಸಿಕೊಳ್ಳುವುದರಲ್ಲಿ ನಾವು ಸೋತಿಲ್ಲ.

ಈ ಮಧ್ಯೆ ಹಿರಿಯೂರಿನ ವಾಣಿವಿಲಾಸ ಸಾಗರ, ಅದೇ ನಮ್ಮ ಮಾರಿಕಣಿವೆ, ಯಾರನ್ನೂ ಕೇಳದೆ ತುಂಬಿತು. 1907ರಲ್ಲಿ ಮುಗಿದ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದದ್ದು 2022ರಲ್ಲಿ, ಮತ್ತೆ 2025ರ ಜನವರಿಯಲ್ಲಿ. 89 ವರ್ಷದ ಆ ನಡುವಿನ ಕಾಲದಲ್ಲಿ ಪ್ರಜಾಪ್ರಭುತ್ವ ಬಂದು, 17 ಲೋಕಸಭಾ ಚುನಾವಣೆಗಳು ಮುಗಿದವು. ಬಾಗಿನ ಕೊಡಲು ಮಾತ್ರ ಪಕ್ಷಭೇದವಿಲ್ಲದೆ ಎಲ್ಲರೂ ಸಾಲಾಗಿ ಬಂದರು. ಮೊರ, ಅರಿಸಿನ, ಕುಂಕುಮ, ಹಸಿರು ಬಳೆ ಮತ್ತು ಹನ್ನೆರಡು ಮೊಬೈಲ್ ಕ್ಯಾಮೆರಾ.

ರೈಲಿನ ಬಗ್ಗೆ ಹೆಚ್ಚು ಹೇಳಲು ಹೋದರೆ ಪೇಪರಿನ ಜಾಗ ಸಾಲದು. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ಮಾರ್ಗ ಮಂಜೂರಾದದ್ದು 2011-12ರಲ್ಲಿ. ಆಗಿನಿಂದ ನಾಲ್ಕನೇ ಸಂಸದರನ್ನು ಅದು ನೋಡುತ್ತಿದೆ. ಅಲ್ಲಿಯವರೆಗೆ ದುರ್ಗದವರು ಬೆಂಗಳೂರಿಗೆ ರೈಲಿನಲ್ಲೇ ಹೋಗುತ್ತೇವೆಂದು ಹಠ ಹಿಡಿದರೆ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಸುತ್ತಿ, ಬೀರೂರು, ಅರಸೀಕೆರೆ ನೋಡಿಕೊಂಡು ಹೋಗಬೇಕು. ಹೊಸದುರ್ಗದವರಿಗಾದರೋ ತಮ್ಮ ಹೆಸರಿನ ಸ್ಟೇಷನ್ ಇದೆ, ‘ಹೊಸದುರ್ಗ ರೋಡ್’. ಅದು ಹೊಸದುರ್ಗದಲ್ಲಿಲ್ಲ. ಹೆಸರು ಇಲ್ಲಿಯದು, ಇರುವುದು ಎಲ್ಲೋ. ರೈಲ್ವೆಯವರು ಬ್ರಿಟಿಷರ ಕಾಲದಲ್ಲೇ ನಮ್ಮ ಲೋಕಸಭಾ ಸದಸ್ಯತ್ವದ ಮಾದರಿಯನ್ನು ಬೋರ್ಡು ಬರೆಸಿ ನಿಲ್ಲಿಸಿದ್ದರು.

ದುರ್ಗದವರೊಬ್ಬರೇ ಹೀಗೆ ಎಂದು ನೊಂದುಕೊಳ್ಳುವುದೂ ಬೇಡ. ಇದು ಇಡೀ ರಾಜ್ಯದ ಆತಿಥ್ಯ. ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿಯವರಿಗೆ 1978ರಲ್ಲಿ ಚಿಕ್ಕಮಗಳೂರು ಮಣೆ ಹಾಕಿತು. 1999ರಲ್ಲಿ ಪಕ್ಕದ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರು ನಿಂತರು. ಗೆದ್ದ ಸೋನಿಯಾ ಅಮೇಠಿ ಇಟ್ಟುಕೊಂಡು ಬಳ್ಳಾರಿಯನ್ನು ಬಿಟ್ಟರು. ರಾಜ್ಯಸಭೆಯಲ್ಲಂತೂ ಕರ್ನಾಟಕದ 12 ಸ್ಥಾನಗಳು ಹೆದ್ದಾರಿಯ ಛತ್ರವಿದ್ದಂತೆ. ನೆಲ್ಲೂರಿನ ವೆಂಕಯ್ಯ ನಾಯ್ಡು ಬಂದರು, ಹೇಮಾಮಾಲಿನಿ ಬಂದರು, ಜೈರಾಮ್ ರಮೇಶ್ ಬಂದರು, 2024ರಲ್ಲಿ ದೆಹಲಿಯ ಅಜಯ್ ಮಾಕನ್ ಬಂದರು. ಮದ್ಯದ ದೊರೆ ವಿಜಯ್ ಮಲ್ಯರನ್ನು ಎರಡು ಸಲ ಕಳಿಸಿದ್ದೂ ನಾವೇ. ಅವರು ಕನಿಷ್ಠ ನಮ್ಮೂರಿನವರೆಂದು ಹೆಮ್ಮೆಪಡುವಷ್ಟರಲ್ಲಿ ಲಂಡನ್ನಿನವರಾದರು. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದಾಗ ಸದಸ್ಯರು ಅಹವಾಲು ಹೇಳಬಹುದಿತ್ತು, ಅಧಿಕಾರವಿರಲಿಲ್ಲ. ಈಗ ಅಧಿಕಾರ ಬಂದಿದೆ. ಅಹವಾಲು ಯಾವ ಊರಿನದೆಂದು ಹೇಳುವವರು ಊರಿನ ಹೆಸರು ಕೇಳಿಕೊಂಡು ಬರಬೇಕಾಗಿದೆ.

ಕೊನೆಗೆ ಓಬವ್ವನ ವಿಷಯ. ಚಿತ್ರದುರ್ಗದ ಬಗ್ಗೆ ಬರೆಯುವವರೆಲ್ಲ ಹೊರಗಿನವರು ನುಗ್ಗಿದ ಕಿಂಡಿಯನ್ನೂ ಒನಕೆಯನ್ನೂ ತರುತ್ತಾರೆ. ನಾನು ಬೇರೆ ಲೆಕ್ಕ ಕೇಳುತ್ತೇನೆ. 1952ರಿಂದ 2024ರವರೆಗೆ 18 ಮಹಾಚುನಾವಣೆಗಳಲ್ಲಿ ಇಲ್ಲಿಂದ 14 ಜನ ಲೋಕಸಭೆಗೆ ಹೋಗಿದ್ದಾರೆ. ಅದರಲ್ಲಿ ಹೆಂಗಸರು ಎಷ್ಟು? ಸೊನ್ನೆ. ಸ್ಟೇಡಿಯಮ್ಮಿಗೆ ಅವಳ ಹೆಸರು ಇಟ್ಟಿದ್ದೇವೆ, ಸರ್ಕಾರಿ ಜಯಂತಿ ಮಾಡುತ್ತೇವೆ, ಭಾಷಣದಲ್ಲಿ ವೀರವನಿತೆ ಎನ್ನುತ್ತೇವೆ. ಟಿಕೆಟ್ ಹಂಚುವಾಗ ಮಾತ್ರ ಕಾವಲಿಗೆ ಗಂಡನನ್ನೇ ಕರೆಯುತ್ತೇವೆ, ಅವನು ಊಟಕ್ಕೆ ಹೋಗಿದ್ದರೂ ಸರಿ. ವಿಧಾನಸಭೆಗಾದರೆ 2018ರಲ್ಲಿ ಹಿರಿಯೂರು ಕೆ. ಪೂರ್ಣಿಮಾ ಅವರನ್ನು ಗೆಲ್ಲಿಸಿತ್ತು. ಅವರೂ ಬೆಂಗಳೂರಿನಿಂದ ಬಂದವರು.

2023ರಲ್ಲಿ ಸಂಸತ್ತು ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಮೀಸಲಿಡುವ ಸಂವಿಧಾನ ತಿದ್ದುಪಡಿಯನ್ನು ಒಪ್ಪಿತು. ಜನಗಣತಿ, ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲೆ ಅದು ಜಾರಿಗೆ ಬರಬೇಕು. ಪರಿಶಿಷ್ಟ ಜಾತಿಯ ಮೀಸಲು ಸ್ಥಾನಗಳಲ್ಲೂ ಮೂರನೇ ಒಂದು ಭಾಗ ಮಹಿಳೆಯರಿಗೆ ಹೋಗಬೇಕು. ನಾಳೆ ಆ ಚೀಟಿ ಚಿತ್ರದುರ್ಗಕ್ಕೇ ಬಿತ್ತು ಎಂದಿಟ್ಟುಕೊಳ್ಳಿ. ಆಗ ಎರಡೂ ಪಕ್ಷಗಳಿಗೆ ನಿಜವಾದ ಪೀಕಲಾಟ. ಬೇರೆ ಜಿಲ್ಲೆಯಲ್ಲಿ ಹಿಂದಿನ ವರ್ಷ ಸೋತ ದಲಿತ ಮಹಿಳೆಯೊಬ್ಬರನ್ನು ಹುಡುಕಿ ದುರ್ಗಕ್ಕೆ ತರಬೇಕೆಂದರೆ, ಅವರು ಅಲ್ಲಿ ಸೋಲುವುದಕ್ಕಾದರೂ ಯಾರಾದರೂ ಮೊದಲು ಅವರಿಗೊಂದು ವಿಧಾನಸಭಾ ಟಿಕೆಟ್ ಕೊಟ್ಟಿರಬೇಕಲ್ಲ!